ಹೇಂಟೆಯ ಗರಿ ತೊಟ್ಟ ಹುಂಜ: ಸೀಬ್ರೈಟ್ ಬ್ಯಾಂಟಮ್ ಕೋಳಿಯ ಕಥೆ

ಹುಂಜ ಯಾವುದು, ಹೇಂಟೆ ಯಾವುದು ಎಂದು ಹಳ್ಳಿಯಲ್ಲಿ ಬೆಳೆದ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದ ಆಚೆ ತುದಿಯಿಂದ ನೋಡಿದರೂ ಗೊತ್ತಾಗುತ್ತದೆ. ಹುಂಜದ ಕುತ್ತಿಗೆಯ ಸುತ್ತ ಚೂಪಾಗಿ ಇಳಿಬಿದ್ದ ಗರಿಗಳಿರುತ್ತವೆ. ಸೊಂಟದ ಎರಡೂ ಬದಿಯಲ್ಲಿ ಹೊಳೆಯುವ ಎಳೆಗಳು ಜೋತಾಡುತ್ತವೆ. ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಉದ್ದನೆಯ ಗರಿಗಳು ಎದ್ದು ಕಾಣುತ್ತವೆ. ಹೇಂಟೆಗೆ ಇವು ಯಾವುವೂ ಇಲ್ಲ. ಅದರ ಗರಿಗಳ ತುದಿ ದುಂಡಗೆ, ಬಾಲ ಮೊಂಡು, ಬಣ್ಣ ಮಣ್ಣಿಗೆ ಹೊಂದುವಂಥದ್ದು.

ಈ ಲೆಕ್ಕಕ್ಕೆ ಸಿಗದ ಒಂದು ಕೋಳಿ ಇಂಗ್ಲೆಂಡಿನಲ್ಲಿದೆ. ಸುಮಾರು ಇನ್ನೂರು ವರ್ಷಗಳಿಂದ ಇದೆ. ಹೆಸರು ಸೀಬ್ರೈಟ್ ಬ್ಯಾಂಟಮ್. ಹುಂಜ ತೂಗಿದರೆ 620 ಗ್ರಾಂ ಆಸುಪಾಸು, ಹೇಂಟೆ 570. ನಮ್ಮ ನಾಟಿ ಹೇಂಟೆಯ ಅರ್ಧದಷ್ಟು ಎನ್ನಬಹುದು. ಮೈಮೇಲಿನ ಪ್ರತಿಯೊಂದು ಗರಿಗೂ ಸುತ್ತ ಕಪ್ಪು ಅಂಚು. ತೆಳ್ಳಗೆ, ಎಲ್ಲೂ ದಪ್ಪವಾಗದೆ, ಎಲ್ಲೂ ಕಡಿಯದೆ, ಕಡ್ಡಿಯಿಂದ ಕಾಡಿಗೆ ಎಳೆದ ಹಾಗೆ. ಅಂಚಿನ ಒಳಗಿನ ಬಣ್ಣ ಒಂದು ಬಗೆಯಲ್ಲಿ ಬೆಳ್ಳಿಯಂಥ ಬಿಳಿ, ಇನ್ನೊಂದು ಬಗೆಯಲ್ಲಿ ಹೊನ್ನಿನಂಥ ಕಂದು. ಎದೆಯನ್ನು ಮುಂದೆ ಚಾಚಿ, ರೆಕ್ಕೆಗಳನ್ನು ನೆಲದ ಕಡೆಗೆ ಇಳಿಬಿಟ್ಟು, ಬಾಲವನ್ನು ಎತ್ತಿ ನಿಲ್ಲುತ್ತದೆ. ಕಾಲು ಸ್ಲೇಟಿನ ಬಣ್ಣ. ಜುಟ್ಟು ಗರಗಸದಂತಿರದೆ ತಲೆಗೆ ಅಂಟಿಕೊಂಡು, ಮೇಲೆಲ್ಲ ಸಣ್ಣ ಗುಳ್ಳೆಗಳಿದ್ದು, ಹಿಂದೆ ಚೂಪಾಗಿ ಮುಗಿಯುತ್ತದೆ. ಇದಕ್ಕೆ ರೋಸ್ ಕೋಂಬ್ ಎಂದು ಹೆಸರು.

ಹುಂಜಕ್ಕೂ ಹೇಂಟೆಗೂ ಒಂದೇ ಉಡುಪು ಎಂಬುದು ಈ ತಳಿಯ ನಿಜವಾದ ವಿಚಿತ್ರ. ಹುಂಜ ಕೂಗುತ್ತದೆ, ಜಗಳಕ್ಕೆ ನಿಲ್ಲುತ್ತದೆ, ಹೇಂಟೆಯನ್ನು ಮೆಟ್ಟುತ್ತದೆ. ಜುಟ್ಟು ದೊಡ್ಡದು. ಗರಿ ಮಾತ್ರ ಹೇಂಟೆಯದು. ಕುತ್ತಿಗೆಯಲ್ಲಿ ಚೂಪು ಗರಿಯಿಲ್ಲ, ಸೊಂಟದಲ್ಲಿ ಎಳೆಗಳಿಲ್ಲ, ಬಾಲದಲ್ಲಿ ಕುಡುಗೋಲಿಲ್ಲ. ಕೋಳಿಲೋಕದ ಒಂದು ಅಲಂಕಾರದ ತಳಿಯಲ್ಲಿ ಗಂಡು ತನ್ನ ಅಲಂಕಾರವನ್ನೇ ಕಳಚಿಟ್ಟಿದೆ. ಇದು ಹೇಗಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೋದವರ ಸಾಲಿನಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದಾನೆ, ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಇದ್ದಾನೆ. ಕೊನೆಗೆ ಸಿಕ್ಕ ಉತ್ತರ ಕೋಳಿಗಷ್ಟೇ ಸಂಬಂಧಿಸಿದ್ದಲ್ಲ. ಗಂಡಿನ ಅಂದ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಗಂಡಿನದೇ ಹೌದೇ ಎಂದು ಕೇಳುವಂಥದ್ದು.

ಮೊದಲು ಹೆಸರಿನ ಮಾತು. ಬ್ಯಾಂಟಮ್ ಎಂದರೆ ಜಾವಾ ದ್ವೀಪದ ಬಾಂಟೆನ್ ಬಂದರು. ಮೆಣಸಿನ ವ್ಯಾಪಾರಕ್ಕೆ ಹೆಸರಾದ ಊರು. ಈಸ್ಟ್ ಇಂಡಿಯಾ ಕಂಪನಿ 1603ರಲ್ಲಿ ಅಲ್ಲಿ ಕೋಠಿ ತೆರೆದು, 1682ರಲ್ಲಿ ಡಚ್ಚರ ದೆಸೆಯಿಂದ ಕಾಲ್ತೆಗೆಯಿತು. ಹಡಗಿನವರು ಅಲ್ಲಿ ಕಂಡ ಪುಟ್ಟ ಕೋಳಿಗಳಿಗೆ ಊರಿನ ಹೆಸರೇ ನಿಂತಿತು. ಕಂಪನಿ ಹೋದರೂ ಹೆಸರು ಹೋಗಲಿಲ್ಲ. ಮುಂದೆ ಯಾವ ಊರಿನ ಗಿಡ್ಡ ಕೋಳಿಯಾದರೂ ಅದು ಬ್ಯಾಂಟಮ್ ಆಯಿತು. ಹಗುರ ತೂಕದ ಬಾಕ್ಸರ್ ಇವತ್ತಿಗೂ ‘ಬ್ಯಾಂಟಮ್ ವೇಟ್’. ಬಹುತೇಕ ಬ್ಯಾಂಟಮ್‌ಗಳು ಯಾವುದೋ ದೊಡ್ಡ ತಳಿಯ ಕಿರಿಯ ರೂಪಗಳು. ಸೀಬ್ರೈಟಿಗೆ ಮಾತ್ರ ದೊಡ್ಡ ರೂಪ ಎಂಬುದೇ ಇಲ್ಲ. ಅದು ಹುಟ್ಟಿದ್ದೇ ಗಿಡ್ಡಾಗಿ.

ಈಗ ಅದನ್ನು ಹುಟ್ಟಿಸಿದವನ ಮಾತು. ಸರ್ ಜಾನ್ ಸಾಂಡರ್ಸ್ ಸೀಬ್ರೈಟ್ 1767ರಲ್ಲಿ ಹುಟ್ಟಿ 1846ರಲ್ಲಿ ತೀರಿಕೊಂಡ. ಮನೆತನದ ಏಳನೆಯ ಬ್ಯಾರೊನೆಟ್. ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್‌ಶೈರ್‌ನ ಬೀಚ್‌ವುಡ್ ಪಾರ್ಕ್‌ನಲ್ಲಿ ವಾಸ. ಆ ಮನೆಗೆ ಸಾಹಿತ್ಯದವರು ಮರೆಯಬಾರದ ಇನ್ನೊಂದು ನಂಟಿದೆ. ವೇಲ್ಸ್‌ನ ವಿದ್ವಾಂಸ ಎಡ್ವರ್ಡ್ ಲುಯಿಡ್ ಸಂಗ್ರಹಿಸಿದ್ದ ಹಳೆಯ ಕೆಲ್ಟಿಕ್ ಹಸ್ತಪ್ರತಿಗಳನ್ನು ಸೀಬ್ರೈಟ್ ಮನೆತನ ಕೊಂಡಿತ್ತು. ಅದರಲ್ಲಿನ ಐರಿಶ್ ಹಸ್ತಪ್ರತಿಗಳನ್ನು ನಮ್ಮ ಸೀಬ್ರೈಟನ ತಂದೆ 1786ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಕೊಟ್ಟ. ಐರ್ಲೆಂಡಿನ ಪ್ರಾಚೀನ ಕಥನಗಳ ಆಕರವಾದ ‘ಬುಕ್ ಆಫ್ ಲೆನ್‌ಸ್ಟರ್’ ಹಾಗೆ ಅಲ್ಲಿಗೆ ಸೇರಿದ್ದು. ತಂದೆಯ ಹೆಸರು ಹಸ್ತಪ್ರತಿಯ ಚರಿತ್ರೆಯಲ್ಲಿ, ಮಗನ ಹೆಸರು ಕೋಳಿಗೂಡಿನಲ್ಲಿ. ಯಾವುದು ಹೆಚ್ಚು ಜನರ ಬಾಯಲ್ಲಿ ಉಳಿಯಿತು ಎಂದು ಬೇರೆ ಹೇಳಬೇಕಿಲ್ಲ.

ಮಗ 1807ರಿಂದ 1834ರವರೆಗೆ ಹರ್ಟ್‌ಫರ್ಡ್‌ಶೈರ್‌ನ ಪಾರ್ಲಿಮೆಂಟ್ ಸದಸ್ಯನಾಗಿದ್ದ. 1831ರ ಮಾರ್ಚ್‌ನಲ್ಲಿ ಲಾರ್ಡ್ ಜಾನ್ ರಸೆಲ್ ಚುನಾವಣಾ ಸುಧಾರಣೆಯ ಮಸೂದೆಯನ್ನು ಮುಂದಿಟ್ಟಾಗ ಅದನ್ನು ಅನುಮೋದಿಸಿ ಎದ್ದು ನಿಂತವನು ಇವನೇ. ಊರೇ ಇಲ್ಲದ ಊರುಗಳಿಂದ ಜಮೀನ್ದಾರರ ಕುಳಗಳು ಪಾರ್ಲಿಮೆಂಟಿಗೆ ಆರಿಸಿಬರುತ್ತಿದ್ದ ಕಾಲ ಅದು. ವಂಶದ ಬಲದಿಂದ ಬಂದ ಅಧಿಕಾರವನ್ನು ಮೊಟಕುಗೊಳಿಸುವ ಮಸೂದೆಗೆ ಕೈಯೆತ್ತಿದವನು ಮನೆಯಲ್ಲಿ ವಂಶದ ಶುದ್ಧಿಯನ್ನು ಗರಿ ಗರಿಯಾಗಿ ಲೆಕ್ಕ ಹಾಕುತ್ತಿದ್ದ. ಇದರಲ್ಲಿ ವಿರೋಧಾಭಾಸ ಹುಡುಕುವ ಆಸೆ ನನಗೂ ಆಗುತ್ತದೆ. ಆದರೆ ಅವನು ಬರೆದದ್ದನ್ನು ಓದಿದರೆ ಆಸೆ ಅಡಗುತ್ತದೆ. ವಂಶವೆಂಬುದು ಕಾಪಾಡಿದಷ್ಟೂ ಕೆಡುತ್ತದೆ ಎಂಬುದೇ ಅವನ ವಾದವಾಗಿತ್ತು.

ಆ ಬರಹ 1809ರದು. ‘ದಿ ಆರ್ಟ್ ಆಫ್ ಇಂಪ್ರೂವಿಂಗ್ ದಿ ಬ್ರೀಡ್ಸ್ ಆಫ್ ಡೊಮೆಸ್ಟಿಕ್ ಅನಿಮಲ್ಸ್’ ಎಂಬ ಕಿರುಹೊತ್ತಿಗೆ. ಆಗ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಬರೆದ ಪತ್ರದ ರೂಪದಲ್ಲಿದೆ. ಅದಕ್ಕೂ ಮೊದಲಿನ ತಲೆಮಾರಿನಲ್ಲಿ ಲೆಸ್ಟರ್‌ಶೈರ್‌ನ ರಾಬರ್ಟ್ ಬೇಕ್‌ವೆಲ್ ಎಂಬ ರೈತ ತಂದೆ-ಮಗಳು, ಅಣ್ಣ-ತಂಗಿ ಎನ್ನದೆ ಒಂದೇ ಕುಟುಂಬದೊಳಗೆ ಕೂಡಿಸುತ್ತ ಕುರಿ, ದನಗಳನ್ನು ಬೇಕಾದ ಆಕಾರಕ್ಕೆ ತಂದು ಹೆಸರು ಮಾಡಿದ್ದ. ಅವನ ಕುರಿ ಬೇಗ ಕೊಬ್ಬುತ್ತಿತ್ತು, ಬೇಗ ಮಾರುಕಟ್ಟೆಗೆ ಹೋಗುತ್ತಿತ್ತು. ಅವನನ್ನು ಅನುಕರಿಸಿದವರು ಒಳಸಂಬಂಧವೇ ಗುಟ್ಟು ಎಂದುಕೊಂಡರು. ಸೀಬ್ರೈಟ್ ಅಲ್ಲ ಎಂದ. ಗುಟ್ಟು ಇರುವುದು ಆಯ್ಕೆಯಲ್ಲಿ. ಒಂದರ ದೋಷವನ್ನು ಗುರುತಿಸಿ, ಆ ದೋಷಕ್ಕೆ ವಿರುದ್ಧ ಗುಣವಿರುವ ಇನ್ನೊಂದನ್ನು ಹುಡುಕಿ ಕೂಡಿಸಬೇಕು. ಹಾಗೆ ಮಾಡದೆ ಒಂದೇ ಮನೆತನದೊಳಗೆ ಸುತ್ತುತ್ತಿದ್ದರೆ ಸಣ್ಣ ದೋಷ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತದೆ. ಇದನ್ನು ಅವನು ನಾಯಿ, ಕೋಳಿ, ಪಾರಿವಾಳಗಳ ಮೇಲೆ ತಾನೇ ಪ್ರಯೋಗ ಮಾಡಿ ನೋಡಿದ್ದ. ಗಟ್ಟಿಮುಟ್ಟಾದ ಸ್ಪ್ಯಾನಿಯಲ್ ನಾಯಿಗಳು ಒಳಸಂಬಂಧದಿಂದ ಮಡಿಲಲ್ಲಿ ಕೂರಿಸಿಕೊಳ್ಳುವ ಬಡಕಲು ಮರಿಗಳಾದವು. ಕೋಳಿಗಳ ಕಾಲು ಉದ್ದವಾಯಿತು, ಮೈ ಸಣ್ಣದಾಯಿತು, ಸಂತಾನ ಕಡಿಮೆಯಾಯಿತು.

ಈ ಕೊನೆಯ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಿರಿ.

ಅದೇ ಹೊತ್ತಿಗೆಯಲ್ಲಿ ಇನ್ನೊಂದು ಮಾತಿದೆ. ಕಡು ಚಳಿಗಾಲ ಅಥವಾ ಮೇವಿನ ಬರ ಬಂದಾಗ ದುರ್ಬಲ ಪ್ರಾಣಿಗಳು ಸಾಯುತ್ತವೆ, ಗಟ್ಟಿಯಾದವು ಉಳಿದು ಮರಿಹಾಕುತ್ತವೆ. ಅತಿ ನುರಿತ ಸಾಕಣೆದಾರ ಆರಿಸಿದರೆ ಏನಾಗುತ್ತದೋ ಅದೇ ಪರಿಣಾಮ ಹೀಗೂ ಆಗುತ್ತದೆ ಎನ್ನುತ್ತಾನೆ ಸೀಬ್ರೈಟ್. ಡಾರ್ವಿನ್ನನ ನಿಸರ್ಗದ ಆಯ್ಕೆಯ ಸಿದ್ಧಾಂತಕ್ಕಿಂತ ಐವತ್ತು ವರ್ಷ ಹಿಂದಿನ ಮಾತು. ಬೀಗಲ್ ಹಡಗಿನ ಯಾನ ಮುಗಿಸಿ ಬಂದ ಡಾರ್ವಿನ್ 1838ರಲ್ಲಿ ಈ ಹೊತ್ತಿಗೆಯನ್ನು ಓದಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಮಾಲ್ಥಸ್‌ನನ್ನು ಓದಿದ್ದು. ಡಾರ್ವಿನ್ನನಿಗೆ ಹೊಳಹು ಕೊಟ್ಟದ್ದು ಸಾಕಣೆದಾರರೋ ಮಾಲ್ಥಸನೋ ಎಂದು ವಿಜ್ಞಾನದ ಇತಿಹಾಸಕಾರರು ಈಗಲೂ ಜಗ್ಗಾಡುತ್ತಾರೆ. ಸೀಬ್ರೈಟ್ ಕಂಡದ್ದು ಕೆಟ್ಟದ್ದನ್ನು ಕಳೆಯುವ ಚಳಿಗಾಲವನ್ನು. ಆ ಚಳಿಗಾಲ ಹೊಸ ಜೀವಿಯನ್ನೂ ರೂಪಿಸಬಲ್ಲದು ಎಂಬ ಹೆಜ್ಜೆ ಅವನು ಇಡಲಿಲ್ಲ. ಆದರೂ ‘ಒರಿಜಿನ್ ಆಫ್ ಸ್ಪೀಶೀಸ್’ನ ಮೊದಲ ಅಧ್ಯಾಯ ತೆರೆದರೆ ಅವನ ಹೆಸರು ಎದುರಾಗುತ್ತದೆ. ಬೇಕಾದ ಗರಿಯನ್ನು ಮೂರು ವರ್ಷದಲ್ಲಿ ಕೊಡುತ್ತೇನೆ, ತಲೆ ಮತ್ತು ಕೊಕ್ಕಿಗೆ ಆರು ವರ್ಷ ಬೇಕು ಎಂದು ಪಾರಿವಾಳಗಳ ಬಗ್ಗೆ ಅವನು ಹೇಳಿಕೊಳ್ಳುತ್ತಿದ್ದನೆಂದು ಡಾರ್ವಿನ್ ಬರೆಯುತ್ತಾನೆ. ದರ್ಜಿಯ ಅಂಗಡಿಯಲ್ಲಿ ಬಟ್ಟೆ ಹೊಲಿಸಲು ಕೊಟ್ಟಂತೆ ಇದೆ ಈ ಮಾತು.

ಕೋಳಿಯ ಗರಿಗೆ ಮೂರು ವರ್ಷ ಸಾಲಲಿಲ್ಲ. ಡಾರ್ವಿನ್ ಕೊಡುವ ವಿವರದಂತೆ, 1800ರ ಸುಮಾರಿಗೆ ಸಾಮಾನ್ಯ ಬ್ಯಾಂಟಮ್ ಮತ್ತು ತಲೆಯ ಮೇಲೆ ಗರಿಯ ಕುಚ್ಚಿರುವ ಪೋಲಿಶ್ ಕೋಳಿಯನ್ನು ಕೂಡಿಸಿ, ಬಂದದ್ದನ್ನು ಹೇಂಟೆಬಾಲದ ಒಂದು ಬ್ಯಾಂಟಮ್ ಹುಂಜಕ್ಕೆ ಮತ್ತೆ ಕೂಡಿಸಿ, ಆಮೇಲೆ ಬಹಳ ಕಾಲ ಜಾಗ್ರತೆಯಿಂದ ಆರಿಸುತ್ತ ಹೋಗಿ ಈ ತಳಿ ಬಂತು. ಅಂದರೆ ಹೇಂಟೆಗರಿಯ ಹುಂಜವನ್ನು ಸೀಬ್ರೈಟ್ ಸೃಷ್ಟಿಸಲಿಲ್ಲ. ಎಲ್ಲೋ ಆಕಸ್ಮಿಕವಾಗಿ ಹುಟ್ಟಿದ್ದನ್ನು ಕಂಡು ಕೈಬಿಡಲಿಲ್ಲ. ಅವನಿಗೆ ಅದರಲ್ಲಿ ಒಂದು ಅನುಕೂಲ ಕಂಡಿರಬೇಕು. ದುಂಡು ತುದಿಯ ಗರಿಯ ಸುತ್ತ ಅಂಚು ಪೂರ್ತಿಯಾಗಿ ಕೂರುತ್ತದೆ. ಹುಂಜದ ಚೂಪು ಎಳೆಗಳ ಮೇಲೆ ಆ ಚಿತ್ತಾರ ಹರಿದುಹೋಗುತ್ತದೆ. ಗಂಡು ಹೆಣ್ಣು ಎರಡರ ಮೇಲೂ ಒಂದೇ ಕಸೂತಿ ಬೇಕೆಂದರೆ ಗಂಡು ತನ್ನ ಗರಿ ಬಿಟ್ಟುಕೊಡಲೇಬೇಕು.

ಅವನ ಸುತ್ತ ಇದೇ ಹುಚ್ಚಿನ ಒಂದಷ್ಟು ಗೆಳೆಯರು ಸೇರಿದರು. ಲಂಡನ್ನಿನ ಗ್ರೇಸ್ ಇನ್ ಕಾಫಿ ಹೌಸ್‌ನಲ್ಲಿ ವರ್ಷಕ್ಕೊಮ್ಮೆ ಕೋಳಿಗಳನ್ನು ತಂದು ಹೋಲಿಸಿ ಬಹುಮಾನ ಕೊಡುತ್ತಿದ್ದರು. ಒಂದೇ ತಳಿಗೆಂದು ಸಂಘ ಕಟ್ಟಿಕೊಂಡವರಲ್ಲಿ ಇವರು ಮೊದಲಿಗರ ಸಾಲಿನವರು. ಆಗಿನ್ನೂ ಇಂಗ್ಲೆಂಡಿನಲ್ಲಿ ಕೋಳಿ ಎಂದರೆ ಒಂದೋ ಅಡುಗೆಮನೆ, ಇಲ್ಲವೇ ಅಂಕದ ಕಣ. 1835ರ ಕಾಯ್ದೆ ಕೋಳಿ ಅಂಕದ ಕಣಗಳನ್ನು ನಿಷೇಧಿಸಿತು. 1845ರಲ್ಲಿ ಲಂಡನ್ನಿನ ಮೃಗಾಲಯದ ಉದ್ಯಾನದಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ಕಾಲಿಗೆ ಕತ್ತಿ ಕಟ್ಟಿ ಪಂದ್ಯಕ್ಕೆ ಬಿಡುತ್ತಿದ್ದ ಕೈಗಳೇ ಈಗ ಕೋಳಿಯ ಕಾಲು ತೊಳೆದು ಪಂಜರದಲ್ಲಿ ನಿಲ್ಲಿಸಿದವು. ತೀರ್ಪುಗಾರ, ಅಂಕಪಟ್ಟಿ, ಮಾನದಂಡ ಎಲ್ಲ ಬಂದವು. ಸೀಬ್ರೈಟನ ಕಾಫಿ ಹೌಸ್ ಕೂಟ ಇವೆಲ್ಲಕ್ಕೂ ಮುಂಚಿನದು. ಮುಂದೆ 1874ರಲ್ಲಿ ಅಮೆರಿಕದ ಕೋಳಿ ತಳಿಗಳ ಮೊದಲ ಮಾನದಂಡದ ಪುಸ್ತಕ ಬಂದಾಗ ಅದರಲ್ಲೂ ಸೀಬ್ರೈಟ್ ಇತ್ತು.

ಆಮೇಲೆ ಶುರುವಾಯಿತು ತೊಂದರೆ. ಮೊಟ್ಟೆಗಳು ಒಡೆಯಲಿಲ್ಲ.

1868ರಲ್ಲಿ ಬಂದ, ಸಾಕುಪ್ರಾಣಿ ಮತ್ತು ಬೆಳೆಗಳ ವೈವಿಧ್ಯವನ್ನು ಕುರಿತ ಎರಡು ಸಂಪುಟಗಳ ಗ್ರಂಥದಲ್ಲಿ ಡಾರ್ವಿನ್ ಈ ತಳಿಯ ಬಂಜೆತನದ ಬಗ್ಗೆ ಬರೆಯುತ್ತಾನೆ. ಸೀಬ್ರೈಟನ ಮೂಲ ಹಿಂಡಿನಿಂದಲೇ ಬಂದ ಬೆಳ್ಳಿಬಣ್ಣದ ಕೋಳಿಗಳನ್ನು ಅವನು ಕಣ್ಣಾರೆ ಕಂಡಿದ್ದ. ಎರಡು ಗೂಡು ತುಂಬ ಇದ್ದ ಮೊಟ್ಟೆಗಳಲ್ಲಿ ಆ ವರ್ಷ ಒಂದೇ ಒಂದು ಮರಿಯೂ ಹೊರಬರಲಿಲ್ಲ. ಎರಡು ಬೇರೆ ಬೇರೆ ಜಾತಿಯ ಜೀವಿಗಳನ್ನು ಕೂಡಿಸಿ ಪಡೆದ ಮಿಶ್ರ ಸಂತಾನದಷ್ಟೇ ಬಂಜೆ ಎನ್ನುತ್ತಾನೆ. ಒಳಸಂಬಂಧದಿಂದ ಕೋಳಿಗಳ ಸಂತಾನ ಕ್ಷೀಣಿಸುತ್ತದೆಂದು 1809ರಲ್ಲೇ ಲೋಕಕ್ಕೆ ಹೇಳಿದ್ದವನ ಗೂಡಿನಲ್ಲೇ ಹೀಗಾಯಿತು. ತಿಳಿದವನೇ ಯಾಕೆ ಹೀಗೆ ಮಾಡಿದ? ನನಗೆ ಕಾಣುವ ಉತ್ತರ ಸರಳವಾದದ್ದು. ಅವನ ಹೊತ್ತಿಗೆಯ ಕುರಿ, ದನ, ನಾಯಿಗಳಿಗೆ ಒಂದು ಕೆಲಸವಿತ್ತು. ಕೆಲಸ ಕೆಟ್ಟರೆ ತಳಿ ಕೆಟ್ಟಿತೆಂದು ಗೊತ್ತಾಗುತ್ತಿತ್ತು. ಈ ಕೋಳಿಯ ಕೆಲಸ ಅಂಚು ತೋರಿಸುವುದಷ್ಟೇ. ಮರಿಗಳು ಕಡಿಮೆಯಾಗುತ್ತ ಹೋದಾಗಲೂ ಅಂಚು ಮಾತ್ರ ವರ್ಷದಿಂದ ವರ್ಷಕ್ಕೆ ಚೊಕ್ಕವಾಗುತ್ತ ಹೋಯಿತು. ಬಹುಮಾನ ಸಿಗುವುದು ಅಂಚಿಗೆ.

ಆದರೆ ಒಳಸಂಬಂಧ ಒಂದೇ ಕಾರಣವಲ್ಲ ಎಂಬ ಅನುಮಾನ ಆಗಲೇ ಇತ್ತು. ಹೆವಿಟ್ ಎಂಬ ಕೋಳಿ ತೀರ್ಪುಗಾರ ಡಾರ್ವಿನ್ನನಿಗೆ ಒಂದು ವಿಚಿತ್ರ ಲೆಕ್ಕ ಒದಗಿಸಿದ. ಹುಂಜದ ಬಾಲ ಎಷ್ಟು ಪರಿಪೂರ್ಣವಾಗಿ ಹೇಂಟೆಯಂತಿದೆಯೋ ಅಷ್ಟು ಅದು ಬಂಜೆ. ಬಾಲದ ಮುಖ್ಯ ಗರಿಗಳೆರಡು ಅರ್ಧ ಇಂಚು ಉದ್ದವಾದರೂ ಸಾಕು, ಮರಿ ಹುಟ್ಟಿಸುವ ಸಂಭವ ಹೆಚ್ಚುತ್ತದೆ. ಪ್ರದರ್ಶನದ ಪಂಜರದಲ್ಲಿ ಸೋಲುವ ಹುಂಜ ಗೂಡಿನಲ್ಲಿ ಗೆಲ್ಲುತ್ತದೆ ಎಂದಂತಾಯಿತು.

ಇನ್ನೂ ವಿಚಿತ್ರವಾದದ್ದು ಒಂದು ಮುದಿ ಹೇಂಟೆಯ ಕಥೆ. ಡಾರ್ವಿನ್ನನ ಕೋಳಿ-ಪಾರಿವಾಳದ ಮಾಹಿತಿದಾರನಾಗಿದ್ದ ಟೆಗೆಟ್‌ಮೈಯರ್, ಲಂಡನ್ನಿನ ಝೂಲಾಜಿಕಲ್ ಸೊಸೈಟಿಯ ಮುಂದೆ ಒಂದು ಹೊನ್ನಂಚಿನ ಸೀಬ್ರೈಟ್ ಹೇಂಟೆಯನ್ನು ತಂದಿಟ್ಟ. ಅದರ ಅಂಡಾಶಯ ರೋಗದಿಂದ ಹಾಳಾಗಿತ್ತು. ಆಮೇಲೆ ಅದಕ್ಕೆ ಹುಂಜದ ಗರಿ ಬಂದಿತ್ತು. ಮುಪ್ಪಿನಲ್ಲಿ ಹೇಂಟೆಗೆ ಹುಂಜದ ವೇಷ ಬರುವುದು ಹೊಸದಲ್ಲ. ಹೇಂಟೆ ಕೂಗಿದರೆ ಅಪಶಕುನ ಎಂದು ನಮ್ಮಲ್ಲಿ ಅದನ್ನು ಅದೇ ದಿನ ಸಾರಿಗೆ ಹಾಕುವ ರೂಢಿ ಬಂದದ್ದು ಇಂಥ ಕೋಳಿಗಳನ್ನು ಕಂಡೇ ಇರಬೇಕು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಮೊಟ್ಟೆಯಿಟ್ಟ ‘ಹುಂಜ’ವೊಂದನ್ನು ಸುಟ್ಟದ್ದು ದಾಖಲೆಯಲ್ಲಿದೆ. ಅದೂ ಪಾಪ ಹೀಗೆ ವೇಷ ಬದಲಿಸಿದ ಹೇಂಟೆಯೇ ಇದ್ದೀತು. ಆದರೆ ಟೆಗೆಟ್‌ಮೈಯರ್ ತಂದ ಹೇಂಟೆಯ ವಿಶೇಷವೇ ಬೇರೆ. ಅದರ ತಳಿಯ ಹುಂಜಕ್ಕೇ ಇಲ್ಲದ ಕುಡುಗೋಲು ಬಾಲ, ಚೂಪು ಕುತ್ತಿಗೆಗರಿ ಅದಕ್ಕೆ ಬಂದಿದ್ದವು. ಅಪ್ಪನ ಬಳಿ ಇಲ್ಲದ ಅಂಗಿ ಮಗಳಿಗೆ ಎಲ್ಲಿಂದ ಸಿಕ್ಕಿತು? ಅರವತ್ತು ವರ್ಷ ಹಿಂದಿನ ಪೂರ್ವಜರಾದ ಪೋಲಿಶ್ ಅಥವಾ ಸಾಮಾನ್ಯ ಬ್ಯಾಂಟಮ್ ಹುಂಜದ ಗುಣ ಇಷ್ಟು ಕಾಲ ಹೆಣ್ಣಿನ ಮೈಯಲ್ಲಿ ಅಡಗಿ ಕುಳಿತಿತ್ತು ಎಂದು ಡಾರ್ವಿನ್ ವಿವರಿಸಿದ. ಜೀನ್ ಎಂಬ ಪದವಿಲ್ಲದ ಕಾಲದಲ್ಲಿ ಇದು ದೊಡ್ಡ ಊಹೆ. ಅದರಲ್ಲಿ ಅರ್ಧ ನಿಜವೂ ಇತ್ತು.

ಉಳಿದರ್ಧಕ್ಕೆ ಕತ್ತರಿ ಬೇಕಾಯಿತು. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ 1849ರಲ್ಲೇ ಎಳೆ ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಅದನ್ನು ಹೊಟ್ಟೆಯೊಳಗೆ ಬೇರೆ ಕಡೆ ಇಟ್ಟು, ಜುಟ್ಟು ಮತ್ತು ಕೂಗು ಉಳಿಯುವುದನ್ನು ತೋರಿಸಿದ್ದ. ರಕ್ತದಲ್ಲಿ ಏನೋ ಹರಿಯುತ್ತದೆ ಎಂಬ ತಿಳಿವಿನ ಮೊದಲ ಮೆಟ್ಟಿಲು ಅದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಗುಡೇಲ್ ಹೇಂಟೆಗಳ ಅಂಡಾಶಯ ತೆಗೆದು ನೋಡಿದ. ಹೊಸ ಗರಿ ಬಂದಾಗ ಅವು ಹುಂಜದ ಗರಿಗಳಾಗಿದ್ದವು. ವೃಷಣ ತೆಗೆದ ಹುಂಜಕ್ಕೆ ಜುಟ್ಟು ಕುಗ್ಗುತ್ತದೆ, ಗರಿ ಮಾತ್ರ ಹುಂಜದ್ದೇ ಉಳಿಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಡಿನಿಂದ ಗಂಡುತನ ತೆಗೆದರೂ ಅದೇ ಗರಿ, ಹೆಣ್ಣಿನಿಂದ ಹೆಣ್ಣುತನ ತೆಗೆದರೂ ಅದೇ ಗರಿ. ಹಾಗಾದರೆ ಹುಂಜದ ಆ ಝಗಮಗ ಗಂಡಿನ ಸೊತ್ತಲ್ಲ. ಅದು ಕೋಳಿಯೆಂಬ ಹಕ್ಕಿಗೆ ಯಾರೂ ಏನೂ ಹೇಳದಿದ್ದಾಗ ಬೆಳೆಯುವ ಗರಿ. ಹೇಂಟೆಯ ಮಂದ ಬಣ್ಣವೇ ಅಂಡಾಶಯ ಕಷ್ಟಪಟ್ಟು ಮಾಡಿಸಿದ್ದು. ಹತ್ತೊಂಬತ್ತನೆಯ ಶತಮಾನದ ಕೋಳಿ ಪುಸ್ತಕಗಳು ಸೀಬ್ರೈಟ್ ಹುಂಜ ಗಂಡುಲಕ್ಷಣವನ್ನು ‘ಕಳೆದುಕೊಂಡಿದೆ’ ಎಂದೇ ಬರೆದವು. ಗಂಡೇ ಮೂಲ, ಹೆಣ್ಣು ಎಂದರೆ ಅದರಲ್ಲಿ ಕಳೆದು ಉಳಿದದ್ದು ಎಂಬ ವ್ಯಾಕರಣ ಅದು. ಕೋಳಿಯ ಮೈಯಲ್ಲಿ ಆ ವ್ಯಾಕರಣ ನಡೆಯುವುದಿಲ್ಲ. ಸೀಬ್ರೈಟ್ ಹುಂಜ ಏನನ್ನೂ ಕಳೆದುಕೊಂಡಿಲ್ಲ, ಅದಕ್ಕೆ ಏನೋ ಒಂದು ಸೇರಿದೆ.

ಸೇರಿದ್ದು ಏನು ಎಂದು ಹುಡುಕಿದವನು ಮಾರ್ಗನ್. ಹಣ್ಣಿನ ನೊಣಗಳಿಂದ ಹೆಸರಾದ ಅದೇ ಮಾರ್ಗನ್. 1919ರಲ್ಲಿ ಕಾರ್ನೆಗಿ ಸಂಸ್ಥೆ ಪ್ರಕಟಿಸಿದ ಅವನ ಅಧ್ಯಯನದಲ್ಲಿ ಸೀಬ್ರೈಟ್ ಹುಂಜಗಳ ವೃಷಣ ತೆಗೆದ ಪ್ರಯೋಗವಿದೆ. ಗರಿ ಉದುರಿ ಹೊಸದು ಬಂದಾಗ ಅದುವರೆಗೆ ಹೇಂಟೆಯಂತಿದ್ದ ಹಕ್ಕಿಗೆ ಉದ್ದನೆಯ ಕುತ್ತಿಗೆಗರಿ, ಸೊಂಟದ ಎಳೆ, ಬಾಗಿದ ಬಾಲ ಎಲ್ಲವೂ ಬಂದವು. ಗಂಡಿನ ಅಂಗವನ್ನು ತೆಗೆದಾಗ ‘ಗಂಡಿನ’ ಗರಿ ಬಂತು! ಹಾಗಾದರೆ ಈ ತಳಿಯ ವೃಷಣದಲ್ಲೇ ಹೇಂಟೆಯ ಅಂಶವಿದೆ ಎಂದು ಮಾರ್ಗನ್ ಅಂದುಕೊಂಡ. ಅಂಡಾಶಯದಲ್ಲಿ ಕಾಣುವಂಥ ಜೀವಕೋಶಗಳು ಅಲ್ಲಿವೆ ಎಂದೂ ಹೇಳಿದ.

1926ರಲ್ಲಿ ರೊಕ್ಸಾಸ್ ಎಂಬ ಸಂಶೋಧಕ ಅದನ್ನು ಅದಲುಬದಲು ಮಾಡಿ ನೋಡಿದ. ಸೀಬ್ರೈಟಿನ ವೃಷಣವನ್ನು, ವೃಷಣ ತೆಗೆದ ಲೆಗ್‌ಹಾರ್ನ್ ಹುಂಜದೊಳಗೆ ಇಟ್ಟ. ಅದರ ಗರಿ ಹುಂಜದ್ದಾಗಿಯೇ ಉಳಿಯಿತು. ಲೆಗ್‌ಹಾರ್ನಿನ ವೃಷಣವನ್ನು ಸೀಬ್ರೈಟಿನೊಳಗೆ ಇಟ್ಟ. ಗರಿ ಹೇಂಟೆಯದಾಯಿತು. ವ್ಯತ್ಯಾಸ ಕಳಿಸುವವನಲ್ಲಿ ಇಲ್ಲ, ಓದಿಕೊಳ್ಳುವವನಲ್ಲಿದೆ ಎಂದಾಯಿತು. ಒಂದೇ ಕಾಗದ, ಈ ಮನೆಯಲ್ಲಿ ಒಂದು ಅರ್ಥ, ಆ ಮನೆಯಲ್ಲಿ ಇನ್ನೊಂದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆ ಓದುವ ಮನೆ ಚರ್ಮ. 1980ರ ಹೊತ್ತಿಗೆ ಅಮೆರಿಕದ ಜಾರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಸೀಬ್ರೈಟಿನ ಚರ್ಮದಲ್ಲಿ ಅರೊಮಟೇಸ್ ಎಂಬ ಕಿಣ್ವ ವಿಪರೀತವಾಗಿ ಕೆಲಸ ಮಾಡುವುದನ್ನು ಕಂಡರು. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ, ಅಂದರೆ ಈಸ್ಟ್ರೊಜೆನ್ನಾಗಿ ಬದಲಿಸುವ ಕಿಣ್ವ ಇದು. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆಗಳು ನಮ್ಮ ಮೈಯಲ್ಲಿ ತಡೆಯುವುದು ಇದೇ ಕಿಣ್ವವನ್ನು. ಬೇರೆ ಕೋಳಿಗಳಲ್ಲಿ ಇದರ ಕೆಲಸ ಮುಖ್ಯವಾಗಿ ಅಂಡಾಶಯದಲ್ಲಿ. ಸೀಬ್ರೈಟಿನಲ್ಲಿ ಗರಿ ಹುಟ್ಟುವ ಜಾಗದಲ್ಲೇ ಅದು ಕೂತಿದೆ. ವೃಷಣ ಕಳಿಸಿದ ಗಂಡು ಹಾರ್ಮೋನು ಗರಿಯ ಬುಡ ಮುಟ್ಟುವಷ್ಟರಲ್ಲಿ ಹೆಣ್ಣು ಹಾರ್ಮೋನಾಗುತ್ತದೆ. ಟೆಗೆಟ್‌ಮೈಯರನ ಮುದಿ ಹೇಂಟೆಯ ಒಗಟೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಅಂಡಾಶಯ ಹಾಳಾದ ಮೇಲೆ ಆ ಚರ್ಮಕ್ಕೆ ಬದಲಿಸಲು ಕಚ್ಚಾವಸ್ತುವೇ ಸಿಗಲಿಲ್ಲ. ಅರವತ್ತು ವರ್ಷ ಹಿಂದಿನ ಅಜ್ಜನನ್ನು ಎಬ್ಬಿಸಬೇಕಾದ ಅಗತ್ಯವಿರಲಿಲ್ಲ.

ಇನ್ನು, ಆ ಕಿಣ್ವ ಚರ್ಮಕ್ಕೆ ಬಂದದ್ದು ಹೇಗೆ? ಇದಕ್ಕೆ ಉತ್ತರ ತೀರ ಇತ್ತೀಚಿನದು. 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅರೊಮಟೇಸ್ ಜೀನಿನ ಬಾಗಿಲಲ್ಲೇ ಒಂದು ರೆಟ್ರೋವೈರಸ್ ಕುಳಿತಿರುವುದನ್ನು ಅಕ್ಷರ ಅಕ್ಷರವಾಗಿ ಓದಿತು. 7,524 ಅಕ್ಷರಗಳ ಉದ್ದ. ಯಾವುದೋ ಕಾಲದಲ್ಲಿ ಯಾವುದೋ ಕೋಳಿಗೆ ತಗುಲಿದ ವೈರಸ್, ವಂಶವಾಹಿಯೊಳಗೆ ಸೇರಿಕೊಂಡು ಮರಿಗಳಿಗೂ ದಾಟಿದೆ. ಹೇಂಟೆಗರಿಯಿಲ್ಲದ 31 ತಳಿಗಳಲ್ಲಿ ಹುಡುಕಿದರು, ಎಲ್ಲ ಸಾಕುಕೋಳಿಗಳ ಪೂರ್ವಜನಾದ ಕೆಂಪು ಕಾಡುಕೋಳಿಯಲ್ಲೂ ಹುಡುಕಿದರು, ಸಿಗಲಿಲ್ಲ. ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ವೈರಸ್ಸಿನ ಗುಂಪಿಗೆ ಸೇರಿದ್ದು ಇದು. ಹೋಲಿಕೆ ಶೇಕಡಾ 99ಕ್ಕೂ ಹೆಚ್ಚು. ಹಾಗಾಗಿ ಇದು ಸೇರಿ ಬಹಳ ಕಾಲವಾಗಿಲ್ಲ. ವೈರಸ್ ತನ್ನನ್ನು ತಾನು ನಕಲು ಮಾಡಿಸಿಕೊಳ್ಳಲು ಇಟ್ಟುಕೊಂಡಿರುವ ಸ್ವಿಚ್ಚು, ಪಕ್ಕದ ಅರೊಮಟೇಸ್ ಜೀನನ್ನೂ ಎಲ್ಲೆಂದರಲ್ಲಿ ಹೊತ್ತಿಸುತ್ತದೆ. ಕಾಫಿ ಹೌಸಿನ ಮೇಜಿನ ಮೇಲೆ ಬಹುಮಾನ ಗೆದ್ದ ಬಾಲದ ಹಿಂದೆ ಇದ್ದದ್ದು ಒಂದು ಹಳೆಯ ಸೋಂಕು.

ಪಶ್ಚಿಮ ಘಟ್ಟದ ನಮ್ಮ ಬೂದು ಕಾಡುಕೋಳಿಯೂ ಸಾಕುಕೋಳಿಯ ಚರಿತ್ರೆಯಲ್ಲಿ ಹೀಗೇ ಒಂದು ಸಹಿ ಹಾಕಿದೆ. ಕೊಡಗು, ಬಂಡೀಪುರದ ಕಡೆ ಬೆಳಗಾಗುವ ಹೊತ್ತಿಗೆ ಬಿದಿರ ಮೆಳೆಯಿಂದ ಕೂಗುವ ಹಕ್ಕಿ. ಲೋಕದ ಬಹಳಷ್ಟು ಸಾಕುಕೋಳಿಗಳ ಹಳದಿ ಚರ್ಮ, ಹಳದಿ ಕಾಲಿನ ಗುಣ ಕೆಂಪು ಕಾಡುಕೋಳಿಯಿಂದಲ್ಲ, ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ತಿಳಿಯಿತು. ಸೀಬ್ರೈಟಿನ ಸ್ಲೇಟು ಬಣ್ಣದ ಕಾಲಿನಲ್ಲಿ ಆ ಸಹಿ ಕಾಣುವುದಿಲ್ಲ. ಆದರೂ ತಳಿಯ ಶುದ್ಧಿ ಎಂದು ಯಾರಾದರೂ ಮಾತು ತೆಗೆದಾಗ ನನಗೆ ಈ ಎರಡೂ ನೆನಪಾಗುತ್ತವೆ. ಒಂದರಲ್ಲಿ ಘಟ್ಟದ ಹಕ್ಕಿ, ಇನ್ನೊಂದರಲ್ಲಿ ವೈರಸ್.

ಬಂಜೆತನದ ಲೆಕ್ಕದಲ್ಲಿ ಇನ್ನೊಂದು ಬಾಕಿ ಇದೆ. ಅದು ಬಾಲದಲ್ಲಿಲ್ಲ, ಜುಟ್ಟಿನಲ್ಲಿದೆ. ರೋಸ್ ಕೋಂಬ್ ಜುಟ್ಟನ್ನು ಕೊಡುವುದು ಏಳನೆಯ ವರ್ಣತಂತುವಿನ ಒಂದು ದೊಡ್ಡ ತುಂಡು ತಲೆಕೆಳಗಾಗಿರುವುದು. ಆ ತುಂಡು ತಿರುಗಿದಾಗ ಅದರ ಒಂದು ತುದಿ ವೀರ್ಯಾಣುವಿನ ಚಲನೆಗೆ ಬೇಕಾದ ಇನ್ನೊಂದು ಜೀನನ್ನು ಕತ್ತರಿಸಿಬಿಡುತ್ತದೆ. ತಂದೆ-ತಾಯಿ ಇಬ್ಬರಿಂದಲೂ ರೋಸ್ ಕೋಂಬ್ ಪಡೆದ ಹುಂಜದ ವೀರ್ಯಾಣು ಸರಿಯಾಗಿ ಈಜುವುದಿಲ್ಲ. ಇದು ಗೊತ್ತಾದದ್ದು 2012ರಲ್ಲಿ. ಹೆವಿಟ್ ಬಾಲವನ್ನು ಅಳೆಯುತ್ತಿದ್ದ ಹೊತ್ತಿನಲ್ಲಿ ತಲೆಯ ಮೇಲೂ ಒಂದು ಕಾರಣ ಕೂತಿತ್ತು. ಮಾನದಂಡ ಅದನ್ನೇ ಕಡ್ಡಾಯ ಮಾಡಿದೆ. ಗರಗಸದ ಜುಟ್ಟಿನ ಸೀಬ್ರೈಟನ್ನು ತೀರ್ಪುಗಾರ ಪಂಜರದಿಂದಲೇ ಹೊರಗಿಡುತ್ತಾನೆ. ಎರಡೂ ಕಡೆಯಿಂದ ರೋಸ್ ಕೋಂಬ್ ಬಂದ ಹುಂಜ ಪಂಜರದಲ್ಲಿ ಪಾಸು, ಗೂಡಿನಲ್ಲಿ ನಪಾಸು. ಒಂದೇ ಕಡೆಯಿಂದ ಬಂದದ್ದರ ಜುಟ್ಟೂ ನೋಡಲು ಹಾಗೇ ಇರುತ್ತದೆ, ಮರಿಗಳೂ ಹುಟ್ಟುತ್ತವೆ, ಆದರೆ ನಾಲ್ಕರಲ್ಲೊಂದು ಮರಿಗೆ ಗರಗಸದ ಜುಟ್ಟು ಬರಬಹುದು.

ಇಷ್ಟಾದರೂ ತಳಿ ಉಳಿದಿದೆ. ಹೇಂಟೆ ಇಡುವುದು ವರ್ಷಕ್ಕೆ ಕೆಲವೇ ಡಜನ್ ಪುಟ್ಟ ಮೊಟ್ಟೆ, ಕಾವಿಗೆ ಕೂರುವುದೂ ಅಪರೂಪ. ಮರಿಗಳು ಮೊದಲ ವಾರಗಳಲ್ಲಿ ಬೇಗ ಸಾಯುತ್ತವೆ. ಬೇರೆ ಜಾತಿಯ ಹೇಂಟೆಯ ಕೆಳಗೋ ಯಂತ್ರದಲ್ಲೋ ಮೊಟ್ಟೆ ಇಟ್ಟು, ಬಿಸಿಲು ಏರುವ ತಿಂಗಳಿಗೆ ಕಾದು, ಹತ್ತರಲ್ಲಿ ನಾಲ್ಕು ಒಡೆದರೆ ಸಂತೋಷಪಡುವ ಸಾಕಣೆದಾರರ ಕೈಯಲ್ಲಿ ಇದು ಇದೆ. ಅವರಲ್ಲಿ ಕೆಲವರು ಹೆವಿಟ್ ಹೇಳಿದ ಅರ್ಧ ಇಂಚನ್ನು ಮರೆತಿಲ್ಲ. ಬಾಲದ ಗರಿ ತುಸು ಬಾಗಿದ, ಕುತ್ತಿಗೆಯಲ್ಲಿ ತುಸು ಚೂಪು ಉಳಿದ ಹುಂಜವೊಂದನ್ನು ಮಾರದೆ, ಪ್ರದರ್ಶನಕ್ಕೂ ಒಯ್ಯದೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಂಚು ಚೊಕ್ಕವಾಗಿರುವ ಅದರ ಮಕ್ಕಳನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪೇಟೆಗೆ ಹೋಗುತ್ತಾರೆ.